3,300 ರೂಪಾಯಿ, ಷರತ್ತು ಅನ್ವಯ: ಗುರ್ಲಾಪುರದ ಕಬ್ಬಿನ ದರವನ್ನು ಎನ್‌ಬಿಎ ಕಣ್ಣಲ್ಲಿ ಓದಿದಾಗ

ನವೆಂಬರ್ ಮೊದಲ ವಾರ. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ಕೂತು ಐದಾರು ದಿನ ಆಗಿತ್ತು. ಟನ್ನಿಗೆ 3,500 ರೂಪಾಯಿ ಕೊಡಿ ಅನ್ನೋದು ಅವರ ಬೇಡಿಕೆ. ನಮ್ಮ ಕಾಕಾ ಕೂಡ ಅಲ್ಲಿದ್ದರು, ಅವರ ಜೊತೆ ನಾನೂ ಒಂದು ರಾತ್ರಿ ಉಳಿದಿದ್ದೆ. ಬೆಳಗ್ಗೆ ಆರೂವರೆಗೆ ಚಹಾ ಬರೋ ಹೊತ್ತಿಗೆ ಮೊಬೈಲ್‌ನಲ್ಲಿ ಎನ್‌ಬಿಎ ಮ್ಯಾಚ್ ಹಾಕಿಕೊಂಡು ಕೂತಿದ್ದೆ. ಅಮೆರಿಕದ ರಾತ್ರಿ ಮ್ಯಾಚುಗಳು ನಮಗೆ ಬೆಳಗಿನ ಜಾವ ಬರುತ್ತವೆ. ಜೂನ್‌ನಲ್ಲಿ ಚಾಂಪಿಯನ್ ಆದ ಒಕ್ಲಹೋಮಾ ಸಿಟಿ ಥಂಡರ್ ಆಡುತ್ತಿತ್ತು.

ಕಾಕಾ ಇಣುಕಿದರು. "ಗೆದ್ದ ಟೀಮಿಗೆ ಹೊಸ ಚಲೋ ಹುಡುಗ್ರು ಸಿಗಂಗಿಲ್ಲ, ಸೋತವ್ರಿಗೆ ಮೊದ್ಲ ಸಿಗ್ತಾರ ಅಂತ ನೀನ ಹೇಳಿದ್ದಿ. ಮತ್ತ ಇವ್ರಿಗೆ ಹೆಂಗ ಸಿಗ್ತಾರ?"

"ಬ್ಯಾರೆ ಟೀಮಿನ ಪಾಳಿ ಇವ್ರ ಕಡೆ ಅದಾವ ಕಾಕಾ. ಯೂಟಾ ಟೀಮಿನವ್ರು ಒಂದು ಪಾಳಿ ಕೊಡ್ತೀವಿ ಅಂತ ಬರದು ಕೊಟ್ಟಾರ. ಆದ್ರ ಅದು ಮೊದಲ ಎಂಟರೊಳಗ ಬಂದ್ರ ಕೊಡಂಗಿಲ್ಲ."

ಕಾಕಾ ನಕ್ಕರು. "ಅಂದ್ರ ಚಲೋದ್ ಬಂದ್ರ ನಂದು, ಸುಮಾರು ಬಂದ್ರ ನಿಂದು. ಇದು ನಮ್ಮ ರಿಕವರಿ ಲೆಕ್ಕ ಇದ್ದಂಗ ಐತೆಲ್ಲೋ."

ಆಗ ನಾನೂ ನಕ್ಕು ಸುಮ್ಮನಾದೆ. ಎರಡು ಮೂರು ದಿನ ಬಿಟ್ಟು, ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕಾರ್ಖಾನೆ ಮಾಲೀಕರನ್ನೂ ರೈತ ಮುಖಂಡರನ್ನೂ ಕರೆಸಿ ಮಾತಾಡಿದರು. ಸಂಜೆಗೆ ಟಿವಿ ಪರದೆ ತುಂಬ '3,300' ಅಂತ ಬಂತು. ಸರ್ಕಾರದ ತೀರ್ಮಾನದ ವಿವರ ಓದುತ್ತಾ ಹೋದ ಹಾಗೆ ಕಾಕಾ ಹೇಳಿದ್ದು ನೆನಪಾಯಿತು. 3,300 ರೂಪಾಯಿ ಇರುವುದು ಶೇ 11.25 ಇಳುವರಿಯ ಕಬ್ಬಿಗೆ. ಇಳುವರಿ 10.25 ಆದರೆ 3,200. ಅಂದರೆ ಇದೂ ಒಂದು ಪ್ರೊಟೆಕ್ಟೆಡ್ ಪಿಕ್.

ಮೊದಲು ಆಟದ ಲೆಕ್ಕ

ಎನ್‌ಬಿಎಯಲ್ಲಿ 30 ತಂಡಗಳಿವೆ. ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತೆ, ಎರಡು ಸುತ್ತು. ನಮ್ಮ ಐಪಿಎಲ್ ಥರ ಹರಾಜು ಅಲ್ಲ, ಸರದಿ. ಕಳಪೆ ಆಡಿದವರಿಗೆ ಮುಂದಿನ ಸರದಿ, ಚೆನ್ನಾಗಿ ಆಡಿದವರಿಗೆ ಹಿಂದಿನದು. ಆ ಸರದಿಯ ಹಕ್ಕಿಗೇ 'ಪಿಕ್' ಅಂತಾರೆ. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಭಮಾರಾನನ್ನು ಡಲ್ಲಾಸ್ ಮಾವೆರಿಕ್ಸ್ ತೆಗೆದುಕೊಂಡಿದ್ದು ಇಂಥದ್ದೇ ಒಂದು ಪಿಕ್‌ನಲ್ಲಿ, 52ನೇದರಲ್ಲಿ. ಡ್ರಾಫ್ಟ್ ಆದ ಮೊದಲ ಭಾರತೀಯ ಅವನು.

ಈ ಪಿಕ್‌ಗಳನ್ನು ಮುಂಗಡವಾಗಿ ಮಾರಬಹುದು, ಏಳು ವರ್ಷ ಮುಂದಿನದನ್ನೂ ಕೊಡಬಹುದು. ಇವತ್ತು ನನಗೆ ನಿನ್ನ ದೊಡ್ಡ ಆಟಗಾರ ಬೇಕು, ಬದಲಿಗೆ ನಾಲ್ಕು ವರ್ಷದ ನಂತರದ ನನ್ನ ಸರದಿ ನಿನಗೆ. ತೊಂದರೆ ಏನಂದ್ರೆ, ನಾಲ್ಕು ವರ್ಷದ ನಂತರ ನಾನು ಎಷ್ಟು ಸೋತಿರುತ್ತೀನಿ ಅಂತ ಯಾರಿಗೂ ಗೊತ್ತಿಲ್ಲ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಎಂಬ ವಯಸ್ಸಾದ ದಿಗ್ಗಜರಿಗಾಗಿ ಬೋಸ್ಟನ್‌ಗೆ ತನ್ನ ಪಿಕ್‌ಗಳನ್ನು ಯಾವ ಷರತ್ತೂ ಇಲ್ಲದೆ ಬರೆದುಕೊಟ್ಟಿತು. ಆಮೇಲೆ ನೆಟ್ಸ್ ಪಾತಾಳಕ್ಕೆ ಇಳಿಯಿತು. ಅವರ ಸೋಲಿನ ಫಲವಾಗಿ ಬೋಸ್ಟನ್‌ಗೆ ಜೇಲನ್ ಬ್ರೌನ್ ಸಿಕ್ಕ, ಆಮೇಲೆ ಜೇಸನ್ ಟೇಟಮ್ ಸಿಕ್ಕ. ಆ ಇಬ್ಬರ ಮೇಲೆಯೇ ಬೋಸ್ಟನ್ 2024ರಲ್ಲಿ ಚಾಂಪಿಯನ್ ಆಯಿತು.

ಇಂಥ ಅನಾಹುತ ಬೇಡ ಅಂತ ಕೊಡುವವರು ಒಪ್ಪಂದದಲ್ಲಿ ಒಂದು ಬೇಲಿ ಹಾಕಿಕೊಳ್ಳುತ್ತಾರೆ. 'ಟಾಪ್-10 ಪ್ರೊಟೆಕ್ಟೆಡ್' ಅಂದರೆ, ಪಿಕ್ 1ರಿಂದ 10ರ ಒಳಗೆ ಬಿದ್ದರೆ ನಾನೇ ಇಟ್ಟುಕೊಳ್ಳುತ್ತೀನಿ, 11 ಅಥವಾ ಅದರಾಚೆ ಬಿದ್ದರೆ ನಿನಗೆ. ಇಟ್ಟುಕೊಂಡರೆ ಮುಂದೇನು ಅನ್ನೋದೂ ಒಪ್ಪಂದದಲ್ಲಿ ಇರುತ್ತೆ. ಕೆಲವು ಸಲ ಬಾಕಿ ಮುಂದಿನ ವರ್ಷಕ್ಕೆ ಜಾರುತ್ತೆ. ಕೆಲವು ಸಲ ಬಾಕಿಯೇ ಅಳಿದುಹೋಗುತ್ತೆ. ನಾನು ಕಾಕಾಗೆ ಹೇಳಿದ ಯೂಟಾದ ಪಿಕ್ ಅಂಥದ್ದು. 2026ರಲ್ಲಿ ಅದು ಮೊದಲ 8ರೊಳಗೆ ಬಿದ್ದರೆ ಒಕ್ಲಹೋಮಾಗೆ ಏನೂ ಇಲ್ಲ, ಲೆಕ್ಕ ಚುಕ್ತಾ.

ಇದರ ಪರಮಾವಧಿ ಎರಡನೇ ಸುತ್ತಿನ 'ಟಾಪ್-55 ಪ್ರೊಟೆಕ್ಟೆಡ್' ಪಿಕ್. ಒಟ್ಟು ಇರೋದೇ 60. 56ರಿಂದ 60ರ ನಡುವೆ ಬಿದ್ದರೆ ಮಾತ್ರ ಸಿಗುತ್ತೆ. ಟ್ರೇಡ್ ಅಂದಮೇಲೆ ಎರಡೂ ಕಡೆಯಿಂದ ಏನಾದರೂ ಕೊಡಲೇಬೇಕು ಅನ್ನೋ ನಿಯಮ ಇದೆ, ಅದಕ್ಕೆ ಕಾಗದದ ಮೇಲೆ ಒಂದು ಹೆಸರು. ಕೊಡುವವನಿಗೂ ಗೊತ್ತು, ತಗೊಳ್ಳುವವನಿಗೂ ಗೊತ್ತು, ಅದು ಬರೋದಿಲ್ಲ ಅಂತ. ನಮ್ಮ ಚುನಾವಣಾ ಪ್ರಣಾಳಿಕೆಗಳಲ್ಲಿ ಇಂಥ ಪಿಕ್‌ಗಳು ಎಷ್ಟಿವೆ ಅಂತ ಇನ್ನೊಮ್ಮೆ ಎಣಿಸೋಣ.

ಈಗ ಕಬ್ಬಿನ ಲೆಕ್ಕ

ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ ಘೋಷಿಸುತ್ತೆ. 2025-26ಕ್ಕೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಕೇಳಿದವರು ಏನಂತಾರೆ? "ಕೇಂದ್ರದ್ದೇ 3,550 ಇರುವಾಗ ರೈತರು 3,500ಕ್ಕೆ ಯಾಕೆ ಬೀದಿಗೆ ಬಂದರು?" ಬೆಂಗಳೂರಿನ ಗೆಳೆಯರು ನನಗೆ ಹೀಗೆ ಕೇಳಿದ್ದಾರೆ, ಅದರಲ್ಲಿ ಅವರ ತಪ್ಪಿಲ್ಲ. ದೊಡ್ಡ ಅಕ್ಷರದಲ್ಲಿ ಬರೋದು ಅಂಕಿ, ಷರತ್ತು ಬರೋದು ಕೆಳಗೆ ಸಣ್ಣ ಅಕ್ಷರದಲ್ಲಿ. ಎನ್‌ಬಿಎಯಲ್ಲೂ ಅಷ್ಟೇ, ಮೊದಲ ಟ್ವೀಟ್‌ನಲ್ಲಿ 'ಫಸ್ಟ್ ರೌಂಡ್ ಪಿಕ್' ಅಂತ ಬರುತ್ತೆ, ಪ್ರೊಟೆಕ್ಷನ್ ಎಷ್ಟು ಅನ್ನೋದು ಅರ್ಧ ಗಂಟೆ ಬಿಟ್ಟು.

ಎಫ್‌ಆರ್‌ಪಿಯ ಮೊದಲ ಷರತ್ತು ಇಳುವರಿ, ನಮ್ಮ ಕಡೆ ಎಲ್ಲರೂ ಅನ್ನುವ ಹಾಗೆ ರಿಕವರಿ. ಒಂದು ಟನ್ ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಅನ್ನುವ ಶೇಕಡಾವಾರು. 3,550 ಇರೋದು 10.25ಕ್ಕೆ, ಅಂದರೆ ಟನ್ನಿಗೆ 102.5 ಕಿಲೋ ಸಕ್ಕರೆಗೆ. ರಿಕವರಿ 0.1 ಏರಿದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಹೆಚ್ಚು, 0.1 ಇಳಿದರೆ ಅಷ್ಟೇ ಕಡಿತ. 9.5ಕ್ಕಿಂತ ಕೆಳಗೆ ಹೋದರೆ ಮಾತ್ರ ಮುಂದೆ ಕಡಿತ ಇಲ್ಲ, 329 ರೂಪಾಯಿ 5 ಪೈಸೆಗೆ ನಿಲ್ಲುತ್ತೆ. ಈ 9.5ರ ಗೆರೆ ಇದೆಯಲ್ಲ, ಅದು ರೈತನ ಕಡೆಗಿರುವ ಪ್ರೊಟೆಕ್ಷನ್. ಬೇಲಿಯನ್ನು ಯಾವ ಕಡೆಗೂ ಹಾಕಬಹುದು ಅನ್ನೋದಕ್ಕೆ ನಮ್ಮ ಕಾನೂನಿನಲ್ಲೇ ಉದಾಹರಣೆ ಇದೆ.

ಎರಡನೇ ಷರತ್ತು ಕಟಾವು ಮತ್ತು ಸಾಗಣೆ. ಎಫ್‌ಆರ್‌ಪಿ ಅನ್ನೋದು ಕಾರ್ಖಾನೆ ಗೇಟಿನಲ್ಲಿನ ಬೆಲೆ. ಗ್ಯಾಂಗ್ ಕಳಿಸೋದು, ಗಾಡಿ ಕಳಿಸೋದು ಕಾರ್ಖಾನೆ. ಅದರ ಖರ್ಚನ್ನು ರೈತನ ಬಿಲ್‌ನಲ್ಲಿ ಮುರಿದುಕೊಳ್ಳುತ್ತಾರೆ. ಟನ್ನಿಗೆ 800ರಿಂದ 900 ರೂಪಾಯಿ ಹೀಗೇ ಹೋಗುತ್ತೆ ಅಂತ ಮುಖ್ಯಮಂತ್ರಿಯೇ ಪ್ರಧಾನಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. 3,550ರಲ್ಲಿ 850 ಕಳೆಯಿರಿ, ಉಳಿಯೋದು 2,700. ಗೋಕಾಕದ ರೈತ ಕೈಯಲ್ಲಿ ಹಿಡಿಯೋದು ಇದನ್ನ, 3,550 ಅಲ್ಲ.

ಈ ಲೆಕ್ಕ ಇಟ್ಟುಕೊಂಡು ಗುರ್ಲಾಪುರದ ಒಪ್ಪಂದ ನೋಡಿ. 3,300 ಮತ್ತು 3,200 ಎರಡೂ ಕಟಾವು, ಸಾಗಣೆ ಬಿಟ್ಟು ನಿವ್ವಳ. ಜಿಲ್ಲಾಡಳಿತದ ಮಟ್ಟದಲ್ಲಿ ಮೊದಲು ಬಂದ ಮಾತು 3,200 ಮತ್ತು 3,100ರದ್ದು. ರೈತರು ಒಪ್ಪಲಿಲ್ಲ. ಅದರ ಮೇಲೆ ಕಾರ್ಖಾನೆಯಿಂದ 50, ರಾಜ್ಯ ಸರ್ಕಾರದಿಂದ 50 ಸೇರಿ 100 ಬಂತು. ಚೂನಪ್ಪ ಪೂಜಾರಿ, ಶಶಿಕಾಂತ ಗುರೂಜಿ ಮುಂದಾಳತ್ವದ ರೈತರು ಬರಿಗೈಲಿ ಎದ್ದು ಹೋಗಲಿಲ್ಲ, ಇದನ್ನು ಯಾರೂ ಸಣ್ಣದು ಮಾಡಬಾರದು. 10.25 ರಿಕವರಿಯಲ್ಲಿ ಎಫ್‌ಆರ್‌ಪಿಗಿಂತ ಸುಮಾರು 500 ರೂಪಾಯಿ ಹೆಚ್ಚು. 11.25ರಲ್ಲಿ ಎಫ್‌ಆರ್‌ಪಿ 3,896 ಆಗುತ್ತೆ, 850 ಕಳೆದರೆ 3,046. ಅದಕ್ಕಿಂತ 254 ರೂಪಾಯಿ ಹೆಚ್ಚು.

ಆದರೆ ಇಲ್ಲೊಂದು ಸಂಗತಿ ಗಮನಿಸಿ. ರಿಕವರಿ 10.25ರಿಂದ 11.25ಕ್ಕೆ ಏರಿತು ಅಂದರೆ ಟನ್ನಿಗೆ 10 ಕಿಲೋ ಸಕ್ಕರೆ ಹೆಚ್ಚು ಬಂತು ಅಂತ. ಕೇಂದ್ರದ ಸೂತ್ರದಲ್ಲಿ ಅದಕ್ಕೆ ರೈತನಿಗೆ 346 ರೂಪಾಯಿ. ಈ ಒಪ್ಪಂದದಲ್ಲಿ 100. ಹತ್ತು ಕಿಲೋ ಸಕ್ಕರೆಯನ್ನು ಕೇಂದ್ರದ ಕನಿಷ್ಠ ಮಾರಾಟ ದರ 31 ರೂಪಾಯಿಗೇ ಹಿಡಿದರೂ 310 ಆಗುತ್ತೆ. ಅಂದರೆ ಒಳ್ಳೆ ಕಬ್ಬು ಬೆಳೆಯುವ ಕಡೆ ಕಾರ್ಖಾನೆಗೆ ಈ ಒಪ್ಪಂದ ಅಷ್ಟೇನೂ ಭಾರ ಅಲ್ಲ. ಭಾರ ಬೀಳೋದು ಕಡಿಮೆ ರಿಕವರಿಯ ಕಾರ್ಖಾನೆಗೆ. ಮಾಲೀಕರೆಲ್ಲ ಒಂದೇ ದನಿಯಲ್ಲಿ 'ಆಗಲ್ಲ' ಅಂದಾಗ, ಯಾರಿಗೆ ನಿಜಕ್ಕೂ ಆಗಲ್ಲ, ಯಾರು ಗುಂಪಿನಲ್ಲಿ ಗೋವಿಂದ ಅಂತಿದ್ದಾರೆ ಅಂತ ಬಿಡಿಸಿ ನೋಡಬೇಕಿತ್ತು. ಯಾವ ಚಾನೆಲ್ಲೂ ನೋಡಲಿಲ್ಲ. ನವೆಂಬರ್ 7ರಂದು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಹತ್ತಿರ ಕಲ್ಲು ಬಿದ್ದು ಲಾಠಿ ಎದ್ದದ್ದನ್ನು ಮಾತ್ರ ಎಲ್ಲರೂ ದಿನವಿಡೀ ತೋರಿಸಿದರು.

ಡಲ್ಲಾಸ್‌ನವರು ಸೋತದ್ದು ಹೇಗೆ

ಷರತ್ತು ಇರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಭವಿಷ್ಯದ ಬಗ್ಗೆ ಒಪ್ಪಂದ ಮಾಡುವಾಗ ಷರತ್ತು ಇದ್ದೇ ಇರುತ್ತೆ. ನನ್ನ ತಕರಾರು, ಆ ಷರತ್ತಿನ ಕೀಲಿ ಯಾರ ಕೈಲಿದೆ ಅನ್ನೋದರ ಬಗ್ಗೆ. ಇದಕ್ಕೆ 2023ರ ಡಲ್ಲಾಸ್ ಕತೆ ಹೇಳಲೇಬೇಕು.

2019ರ ಜನವರಿ 31ರಂದು ಡಲ್ಲಾಸ್ ಮಾವೆರಿಕ್ಸ್ ತಂಡ ನ್ಯೂಯಾರ್ಕ್ ನಿಕ್ಸ್‌ನಿಂದ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಎಂಬ ಆಟಗಾರನನ್ನು ತಂದಿತು. ಕೊಟ್ಟದ್ದರಲ್ಲಿ ಒಂದು 2023ರ ಪಿಕ್, ಟಾಪ್-10 ಪ್ರೊಟೆಕ್ಟೆಡ್. 2023ರ ಏಪ್ರಿಲ್ ಬಂತು. ಲೀಗ್ ಮುಗಿಯಲು ಎರಡು ಮ್ಯಾಚ್ ಬಾಕಿ. ಡಲ್ಲಾಸ್‌ಗೆ ಮುಂದಿನ ಹಂತಕ್ಕೆ ಹೋಗುವ ಸಣ್ಣ ಅವಕಾಶ ಇನ್ನೂ ಇತ್ತು. ಆದರೆ ಸೋತರೆ ಪಿಕ್ 10ರೊಳಗೆ ಉಳಿಯುವ ಸಾಧ್ಯತೆ ಹೆಚ್ಚು, ಆಗ ನಿಕ್ಸ್‌ಗೆ ಕೊಡಬೇಕಿಲ್ಲ. ಏಪ್ರಿಲ್ 7ರಂದು ಶಿಕಾಗೋ ವಿರುದ್ಧ ಅವರು ಕೈರಿ ಅರ್ವಿಂಗ್ ಸೇರಿ ಮುಖ್ಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸಿದರು. ಲೂಕಾ ಡಾನ್ಚಿಚ್‌ನನ್ನು ಮೊದಲ ಕಾಲು ಭಾಗ ಆಡಿಸಿ ಹೊರಗೆ ಕರೆದರು. 115-112ರಲ್ಲಿ ಸೋತರು. ಟಿಕೆಟ್ ಕೊಂಡು ಬಂದ ಜನರ ಎದುರಿಗೇ.

ಎನ್‌ಬಿಎ ತನಿಖೆ ಮಾಡಿ ಏಳೂವರೆ ಲಕ್ಷ ಡಾಲರ್ ದಂಡ ಹಾಕಿತು. ಪಿಕ್ ಮಾತ್ರ ಡಲ್ಲಾಸ್ ಹತ್ತಿರವೇ ಉಳಿಯಿತು, ಸರಿಯಾಗಿ ಹತ್ತನೇ ಸ್ಥಾನದಲ್ಲಿ. ಅದನ್ನು ತಿರುಗಿಸಿ 12ನೇ ಸ್ಥಾನಕ್ಕೆ ಬದಲಿಸಿಕೊಂಡು ಡೆರೆಕ್ ಲೈವ್ಲಿ ಎಂಬ ಹುಡುಗನನ್ನು ತಂದರು. ಮುಂದಿನ ವರ್ಷ ಅವನ ಜೊತೆ ಫೈನಲ್‌ಗೆ ಹೋದರು. ನಿಕ್ಸ್‌ಗೆ ಸಿಗಬೇಕಾದ ಪಿಕ್ 2024ಕ್ಕೆ ಜಾರಿ, ಡಲ್ಲಾಸ್ ಚೆನ್ನಾಗಿ ಆಡಿದ್ದರಿಂದ 24ನೇದಾಗಿ ಬಂತು. ಕೊಡಬೇಕಾದವನ ಕೈಯಲ್ಲೇ ಷರತ್ತಿನ ಕೀಲಿ ಇದ್ದರೆ ಹೀಗೆ ಆಗುತ್ತೆ. ದಂಡ ಅವನಿಗೆ ಒಂದು ಖರ್ಚು, ಅಷ್ಟೇ.

ಆದರೂ ಅಲ್ಲಿ ಒಂದು ವ್ಯವಸ್ಥೆ ಇದೆ. ಡ್ರಾಫ್ಟ್‌ನ ಮೊದಲ ಸ್ಥಾನಗಳನ್ನು ಲಾಟರಿಯಲ್ಲಿ ಎತ್ತುತ್ತಾರೆ. ಯಂತ್ರದೊಳಗೆ 14 ಚೆಂಡು, ನಾಲ್ಕನ್ನು ಎತ್ತಿದರೆ 1,001 ಜೋಡಣೆ, ಅದರಲ್ಲಿ 1,000ವನ್ನು ತಂಡಗಳಿಗೆ ಮೊದಲೇ ಹಂಚಿರುತ್ತಾರೆ. ಅತಿ ಹೆಚ್ಚು ಸೋತ ಮೂರು ತಂಡಗಳಿಗೆ ತಲಾ ಶೇ 14ರ ಅವಕಾಶ ಮಾತ್ರ, ಬೇಕಂತಲೇ ಸೋತು ಲಾಭ ಮಾಡಿಕೊಳ್ಳುವುದು ಕಷ್ಟ ಆಗಲಿ ಅಂತ 2019ರಿಂದ ಈ ಬದಲಾವಣೆ. ಚೆಂಡು ಎತ್ತುವಾಗ ತಂಡಗಳ ಪ್ರತಿನಿಧಿಗಳೂ ಪತ್ರಕರ್ತರೂ ಅದೇ ಕೋಣೆಯಲ್ಲಿರುತ್ತಾರೆ. ಮ್ಯಾಚಿನ ಸೋಲು ಗೆಲುವಂತೂ ಜಗತ್ತಿನ ಕಣ್ಣೆದುರೇ ಆಗಿರುತ್ತೆ.

ಅವರ ಕಾಟಾ, ಅವರ ಲ್ಯಾಬ್

ಇಲ್ಲಿ? ರಿಕವರಿ ಅಳೆಯೋದು ಕಾರ್ಖಾನೆ. ತೂಕ ಹಾಕೋದೂ ಕಾರ್ಖಾನೆಯ ಕಾಟಾ. ಕಾಕಾ ತಮ್ಮ ಮೂರು ಎಕರೆಯ ಕಬ್ಬಿನ ರಿಕವರಿ ಎಷ್ಟು ಅಂತ ಈವರೆಗೆ ತಿಳಿದವರಲ್ಲ, ತಿಳಿಯೋದೂ ಇಲ್ಲ. ಯಾಕಂದ್ರೆ ಲೆಕ್ಕ ಆಗೋದು ಇಡೀ ಕಾರ್ಖಾನೆಯ ಸರಾಸರಿಯಲ್ಲಿ. ಮುತುವರ್ಜಿಯಿಂದ ಬೆಳೆದವನದ್ದೂ, ಗ್ಯಾಂಗ್ ತಡವಾಗಿ ಬಂದು ಒಣಗಿದ ಕಬ್ಬು ಕಳಿಸಿದವನದ್ದೂ ಒಂದೇ ಅಂಕಿ. ಗ್ಯಾಂಗ್ ಯಾವಾಗ ಬರಬೇಕು ಅನ್ನೋದನ್ನ ತೀರ್ಮಾನ ಮಾಡೋದೂ ಕಾರ್ಖಾನೆಯೇ. ಕಡಿದ ಕಬ್ಬನ್ನು ಮನೆಯಲ್ಲಿಟ್ಟುಕೊಂಡು ಚೌಕಾಶಿ ಮಾಡೋಕೆ ಆಗಲ್ಲ, ಒಂದೊಂದು ದಿನಕ್ಕೂ ತೂಕ, ಸಕ್ಕರೆ ಎರಡೂ ಇಳಿಯುತ್ತವೆ. ಎನ್‌ಬಿಎ ತಂಡಕ್ಕೆ ಟ್ರೇಡ್ ಬೇಡ ಅಂತ ಫೋನ್ ಇಡುವ ಸ್ವಾತಂತ್ರ್ಯ ಇದೆ. ಕಾಕಾಗೆ ಇಲ್ಲ.

ಕಾರ್ಖಾನೆಗಳು ಡಲ್ಲಾಸ್ ಥರ ಬೇಕಂತ ಸೋಲುತ್ತವೆ ಅಂತ ಆರೋಪ ಮಾಡ್ತಿಲ್ಲ. ರಿಕವರಿ ನಿಜಕ್ಕೂ ಕಡಿಮೆಯಾದರೆ ನಷ್ಟ ಮೊದಲು ಅವರಿಗೇ. ಆದರೆ ಈಗ ರಿಕವರಿ ಅನ್ನೋದು ಬರೀ ಚೀಲದಲ್ಲಿ ತುಂಬಿದ ಸಕ್ಕರೆಯ ತೂಕ ಅಲ್ಲ. ಕಬ್ಬಿನ ರಸದ ಒಂದು ಪಾಲು, ಇಲ್ಲವೇ ಸಕ್ಕರೆ ಅಂಶ ಇನ್ನೂ ಉಳಿದಿರುವ ಕಾಕಂಬಿ, ಎಥೆನಾಲ್‌ಗೆ ಹೋಗುತ್ತೆ. ಹೋಗದಿದ್ದರೆ ಎಷ್ಟು ಸಕ್ಕರೆ ಬರುತ್ತಿತ್ತು ಅಂತ ಲೆಕ್ಕ ಹಾಕಿ ರಿಕವರಿಗೆ ಸೇರಿಸಬೇಕು. ಹೀಗಾಗಿ ರಿಕವರಿಯ ಒಂದು ಭಾಗ ಲ್ಯಾಬಿನಲ್ಲಿ ಹುಟ್ಟಿದರೆ ಇನ್ನೊಂದು ಭಾಗ ಕಾಗದದಲ್ಲಿ ಹುಟ್ಟುತ್ತೆ. ಆ ಕಾಗದವನ್ನು ಓದುವ ಅವಕಾಶ ರೈತನಿಗಿಲ್ಲ. ಕೊಡಬೇಕಾದವನೇ ಅಳೆದು, ಬರೆದು, ಸಹಿ ಹಾಕುವ ವ್ಯವಸ್ಥೆಯಲ್ಲಿ ಅವನು ನೂರಕ್ಕೆ ನೂರು ಪ್ರಾಮಾಣಿಕನಾಗಿದ್ದರೂ ಸಂಶಯ ಹೋಗಲ್ಲ. ಈ ಭಾಗದ ಹಲವು ಕಾರ್ಖಾನೆಗಳ ಹಿಂದೆ ಎಲ್ಲ ಪಕ್ಷದ ರಾಜಕಾರಣಿಗಳ ಕುಟುಂಬಗಳಿವೆ ಅನ್ನೋದನ್ನೂ ಸೇರಿಸಿಕೊಂಡರೆ, ಲೀಗ್ ನಡೆಸುವವರೇ ತಂಡದ ಮಾಲೀಕರೂ ಆದ ಹಾಗೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ರೈತರು ಗುರ್ಲಾಪುರದ ನಂತರವೂ ಹೋರಾಟ ಬಿಡದಿದ್ದಾಗ ಕೆಲವರು 'ಇವರಿಗೆ ಎಷ್ಟು ಕೊಟ್ಟರೂ ಸಾಲದು' ಅಂದರು. ಅವರ ತಕರಾರು ಇದ್ದದ್ದು ರಿಕವರಿಗೆ ದರ ಕಟ್ಟಿಹಾಕಿದ್ದಕ್ಕೆ. ನನ್ನ ಪ್ರಕಾರ ಅವರು ಆದೇಶವನ್ನು ಪೂರ್ತಿ ಓದಿದ್ದರು.

ಎನ್‌ಬಿಎಯಲ್ಲಿ ಬಾಕಿ ಮುಂದಿನ ವರ್ಷಕ್ಕೆ ಜಾರೋದಿದೆ ಅಂದೆನಲ್ಲ. ಕಬ್ಬಿನಲ್ಲಿ ಹಾಗೆ ಜಾರುವಂತಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಆದರೆ ಈ ಕಾಯ್ದೆಯ ಬಲ ಇರೋದು ಎಫ್‌ಆರ್‌ಪಿಗೆ. ಅದರ ಮೇಲಿನ 250, 500 ರೂಪಾಯಿ ನಿಂತಿರೋದು ಮಾತುಕತೆಯಲ್ಲಿ ಹುಟ್ಟಿದ ಸರ್ಕಾರಿ ತೀರ್ಮಾನದ ಮೇಲೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಎಫ್‌ಆರ್‌ಪಿಯನ್ನೇ ಎರಡು ಕಂತಾಗಿ ಒಡೆಯಲು ಅಲ್ಲಿನ ಸರ್ಕಾರ 2022ರಲ್ಲಿ ಆದೇಶ ಮಾಡಿತ್ತು. ರೈತರು ಬಾಂಬೆ ಹೈಕೋರ್ಟಿಗೆ ಹೋದರು, 2025ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲಿ ಕೈಯಲ್ಲಿ ಹಿಡಿಯಲು ಕಾನೂನಿನ ಒಂದು ಹಗ್ಗ ಇತ್ತು. ನಮ್ಮ 3,300ರಲ್ಲಿನ ಎಫ್‌ಆರ್‌ಪಿ ಮೇಲಿನ ಪಾಲು ತಡವಾದರೆ ಹಿಡಿಯಲು ಅಷ್ಟು ಗಟ್ಟಿ ಹಗ್ಗ ಇಲ್ಲ.

ಹಾಗಂತ ರಾಜ್ಯದ ಬಳಿ ಉಪಾಯವೇ ಇಲ್ಲ ಅಂತಲ್ಲ. 2013ರ ಕರ್ನಾಟಕ ಕಬ್ಬು ಕಾಯ್ದೆ ಇದೆ. ಕಬ್ಬು ನಿಯಂತ್ರಣ ಮಂಡಳಿ ಇದೆ. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ಬೆಳೆಗಾರನಿಗೆ ಅನ್ನುವ ರಂಗರಾಜನ್ ಸಮಿತಿಯ ಸೂತ್ರ ಇದೆ. ಪ್ರತಿ ಅಕ್ಟೋಬರ್‌ನಲ್ಲಿ ಹೆದ್ದಾರಿ ಬಂದ್ ಆಗೋವರೆಗೂ ಮಂಡಳಿ ಯಾಕೆ ಬಾಯಿ ಬಿಡಲ್ಲ ಅಂತ ಬೆಳಗಾವಿ ಅಧಿವೇಶನದಲ್ಲಿ ಯಾರಾದರೂ ಕೇಳಬಹುದು. ಇನ್ನು ಕೇಂದ್ರ, ಎಫ್‌ಆರ್‌ಪಿಯನ್ನು ವರ್ಷ ವರ್ಷ ಏರಿಸಿ ಪೋಸ್ಟರ್ ಹಾಕುತ್ತೆ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರವರಿಯಲ್ಲಿ 31 ರೂಪಾಯಿ ಆದದ್ದು, ಗುರ್ಲಾಪುರದ ಹೋರಾಟ ನಡೆಯುವಾಗಲೂ ಅಲ್ಲೇ ಇತ್ತು.

ನಾನು ಕೇಳೋದು ತುಂಬ ಸಣ್ಣದು. ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ದರ ಬರೆದ ಬೋರ್ಡ್ ಇರುತ್ತಲ್ಲ, ಅದರ ಪಕ್ಕ ದಿನದ ರಿಕವರಿಯನ್ನೂ ಬರೆಯಲಿ, ಎಥೆನಾಲ್‌ಗೆ ಕಳಿಸಿದ್ದನ್ನು ಸೇರಿಸಿದ ಲೆಕ್ಕ ಸಮೇತ. ಸ್ಯಾಂಪಲ್ ತೆಗೆಯುವಾಗ ರೈತರ ಕಡೆಯವರೊಬ್ಬರು ನಿಂತಿರಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಹೊರಗಿನ ಸಂಸ್ಥೆ ವಾರಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಲಿ. ಕಾಟಾದ ಪಕ್ಕದಲ್ಲಿ ಸರ್ಕಾರದ್ದೂ ಒಂದು ಕಾಟಾ ಇರಲಿ. 11.25 ಮುಟ್ಟಲಿಲ್ಲ ಅಂತಾದರೆ, ಮುಟ್ಟಲಿಲ್ಲ ಅಂತ ಎಲ್ಲರ ಎದುರು ಗೊತ್ತಾಗಲಿ.

100 ರೂಪಾಯಿ ಅಂತರ ಸಣ್ಣದು ಅನಿಸಬಹುದು. ಎಕರೆಗೆ 40 ಟನ್ ಹಿಡಿದರೆ 4,000. ಮೂರು ಎಕರೆಗೆ 12,000. ನಮ್ಮ ಮನೆಯಲ್ಲಿ ಅದು ಕಾಕಾನ ಮಗಳ ಪಿಯುಸಿ ಹಾಸ್ಟೆಲ್‌ನ ಅರ್ಧ ವರ್ಷದ ದುಡ್ಡು.

ಕಳೆದ ವಾರ ನಮ್ಮ ಹೊಲಕ್ಕೆ ಗ್ಯಾಂಗ್ ಬಂತು. ಎರಡು ಗಾಡಿ ತುಂಬಿ ಹೋಯಿತು. ಕಾಕಾ ತೂಕದ ಚೀಟಿ ತಂದು ನನ್ನ ಕೈಗೆ ಕೊಟ್ಟು, "ಇದ್ರಾಗ ರಿಕವರಿ ಎಲ್ಲಿ ಬರದಾರ ನೋಡು" ಅಂದರು. ಗಾಡಿ ನಂಬರ್ ಇತ್ತು, ಕಬ್ಬಿನ ತಳಿ ಇತ್ತು, ತೂಕ ಇತ್ತು. ಚೀಟಿ ತಿರುಗಿಸಿ ಹಿಂದೆಯೂ ನೋಡಿದೆ.

"ಇಲ್ಲ ಕಾಕಾ."

"ಮತ್ತ ನಿನ್ನ ಯೂಟಾದ್ದು?"

"ಅದು ಮೇ ತಿಂಗಳದಾಗ ಗೊತ್ತಾಗತೈತಿ. ಟಿವಿಯಾಗ ತೋರಸ್ತಾರ."